ಹಾವು ಕಚ್ಚಿದರೆ ಮೊದಲು ಏನು ಮಾಡಬೇಕು? ದುರ್ಗ, ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಾಲ್ಲೂಕು ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ನರ್ಸ್. ತವರು ಜಗಳೂರು ಕಡೆಯ ಹಳ್ಳಿ. ಮುಂಗಾರು ಹಿಡಿದ ದಿನದಿಂದ ಶೇಂಗಾ ಕಿತ್ತು, ಮೆಕ್ಕೆಜೋಳ ಮುರಿದು ಮುಗಿಯುವ ತನಕ ಹಾವು ಕಚ್ಚಿದವರು ನಮ್ಮ ಬಾಗಿಲಿಗೆ ಬರುತ್ತಲೇ ಇರುತ್ತಾರೆ. ಜೊತೆಗೆ ಬಂದವರು ಕೇಳುವ ಮಾತುಗಳೂ ಹೆಚ್ಚುಕಮ್ಮಿ ಅವೇ. ಅವನ್ನೇ ಇಲ್ಲಿ ಬರೆದಿದ್ದೇನೆ. ಈಗಲೇ ಯಾರಿಗೋ ಕಚ್ಚಿದೆ ಅನ್ನುವವರು 108ಕ್ಕೆ ಫೋನ್ ಹಚ್ಚಿ, ಮೊದಲ ಉತ್ತರ ಮಾತ್ರ ಓದಿ. ಉಳಿದದ್ದು ಆಮೇಲೆ.

ಈಗ ತಾನೇ ಕಚ್ಚಿದೆ. ಏನು ಮಾಡಲಿ?

ಹಾವಿನಿಂದ ದೂರ ಸರಿಸಿ ಕೂರಿಸಿ, ಸಾಧ್ಯವಾದರೆ ಮಲಗಿಸಿ. ನಡೆಸಬೇಡಿ, ಓಡಿಸಲೇಬೇಡಿ. ಕಾಲುಂಗುರ, ಗೆಜ್ಜೆ, ಬಳೆ, ಉಂಗುರ, ವಾಚು, ಬೆರಳಿಗೆ ಕಟ್ಟಿದ ದಾರ ಎಲ್ಲವನ್ನೂ ಬಾವು ಬರುವ ಮೊದಲೇ ಬಿಚ್ಚಿ. ಕಚ್ಚಿದ ಕೈ ಅಥವಾ ಕಾಲನ್ನು, ಮೂಳೆ ಮುರಿದವರಿಗೆ ಮಾಡುವ ಹಾಗೆ, ಒಂದು ಕಟ್ಟಿಗೆಗೋ ಪಟ್ಟಿಗೋ ಸೇರಿಸಿ ಸಡಿಲವಾಗಿ ಬಟ್ಟೆ ಸುತ್ತಿ. ಅದು ಅಲ್ಲಾಡಬಾರದು ಅಷ್ಟೇ, ರಕ್ತ ನಿಲ್ಲಬಾರದು. ಆಮೇಲೆ ಗಾಡಿ. ಆಂಬುಲೆನ್ಸ್ ತಡ ಅನ್ನಿಸಿದರೆ ಸಿಕ್ಕ ಕಾರು, ಆಟೋ, ಟಾಟಾ ಏಸ್ ಯಾವುದಾದರೂ ಸರಿ. ಬೈಕ್ ಬಿಟ್ಟರೆ ಬೇರೆ ಗತಿಯಿಲ್ಲ ಅಂದರೆ ಮೂವರು ಹೋಗಿ, ಕಚ್ಚಿಸಿಕೊಂಡವರು ನಡುವೆ ಕೂರಲಿ, ಹಿಂದಿನವರು ಬಿಗಿಯಾಗಿ ಹಿಡಿದುಕೊಳ್ಳಲಿ.

ದಾರಿಯಲ್ಲಿ ವಾಂತಿ ಬಂದರೆ, ಮಂಪರು ಬಂದರೆ ಎಡ ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಏನೂ ಹಾಕಬೇಡಿ. ಕಚ್ಚಿದ ಹೊತ್ತು ಎಷ್ಟು ಗಂಟೆ ಅಂತ ಮೊಬೈಲಿನಲ್ಲಿ ನೋಡಿ ನೆನಪಿಟ್ಟುಕೊಳ್ಳಿ. ನಾವು ಕೇಳುವ ಮೊದಲ ಪ್ರಶ್ನೆ ಅದೇ.

ಮೇಲುಗಡೆ ಬಿಗಿಯಾಗಿ ಕಟ್ಟಿದರೆ ವಿಷ ಏರಲ್ಲ ಅಂತಾರಲ್ಲ?

ಎಲ್ಲರೂ ಮಾಡುವ ತಪ್ಪು ಇದು. ನಮ್ಮ ಮನೆಯಲ್ಲೂ ಮಾಡಿದ್ದೆವು, ನಾನು ಆಗ ಪಿಯುಸಿ. ದೊಡ್ಡಪ್ಪ ಮೆಕ್ಕೆಜೋಳದ ಹೊಲದಲ್ಲಿ ಕೊಳಕುಮಂಡಲ ತುಳಿದರು. ಮೊಣಕಾಲಿನ ಕೆಳಗೆ ಒಂದು ಟವಲ್ಲು, ಸಾಲದು ಅಂತ ಎತ್ತಿನ ಹಗ್ಗ. ಆಸ್ಪತ್ರೆ ಮುಟ್ಟುವಾಗ ಹಗ್ಗದ ಕೆಳಗಿನ ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿ, ಹಗ್ಗವೇ ಕಾಣದಷ್ಟು ಊದಿತ್ತು. ಜೀವ ಉಳಿಯಿತು. ಎರಡು ಬೆರಳು ಹೋದವು, ಮೀನಖಂಡದಲ್ಲಿ ಇವತ್ತಿಗೂ ಅಂಗೈಯಗಲ ತಗ್ಗಿದೆ.

ಹಗ್ಗ ಕಟ್ಟಿದರೆ ವಿಷ ನಿಲ್ಲುವುದಿಲ್ಲ. ಮಂಡಲದ ಹಾವುಗಳ ವಿಷ ಇರುವ ಜಾಗದ ಮಾಂಸವನ್ನೇ ಕೊಳೆಯಿಸುತ್ತೆ. ಅದನ್ನು ಒಂದೇ ಕಡೆ ಕೂಡಿಹಾಕಿ, ರಕ್ತವನ್ನೂ ನಿಲ್ಲಿಸಿದರೆ ಕಾಲಿಗೆ ಎರಡೆರಡು ಏಟು. ಅದಕ್ಕಿಂತ ದೊಡ್ಡ ಅಪಾಯ ಬಿಚ್ಚುವಾಗ. ಅಷ್ಟೂ ಹೊತ್ತು ಕೂಡಿದ್ದದ್ದು ಒಮ್ಮೆಲೇ ಮೈಗೆ ನುಗ್ಗಿ ರೋಗಿ ಕಣ್ಣೆದುರೇ ಕುಸಿಯಬಹುದು. ಹಾಗಾಗಿ ಯಾರೋ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ನೀವು ಬಿಚ್ಚಲು ಹೋಗಬೇಡಿ. ಹಾಗೇ ಕರೆತನ್ನಿ. ಡಾಕ್ಟರು ಸೂಜಿ, ಔಷಧಿ, ಆಕ್ಸಿಜನ್ ಎಲ್ಲ ಸಿದ್ಧ ಮಾಡಿಕೊಂಡು ಬಿಚ್ಚುತ್ತಾರೆ.

ಯೂಟ್ಯೂಬಿನಲ್ಲಿ ಇಡೀ ಕಾಲಿಗೆ ಬ್ಯಾಂಡೇಜು ಒತ್ತಿ ಸುತ್ತುವುದನ್ನು ತೋರಿಸುತ್ತಾರೆ. ಅದು ಆಸ್ಟ್ರೇಲಿಯಾದ ಹಾವುಗಳಿಗೆ ಹುಟ್ಟಿದ ಪದ್ಧತಿ. ನಮ್ಮ ಎರೆ ಹೊಲ, ಕಲ್ಲು ಗುಡ್ಡದ ಮಂಡಲಗಳಿಗೆ ಅದು ಹೊಂದುವುದಿಲ್ಲ.

ಕೊಯ್ದು ರಕ್ತ ಬಿಡುವುದು, ಬಾಯಲ್ಲಿ ಹೀರುವುದು?

ಬೇಡ. ಬ್ಲೇಡು, ಸುಣ್ಣ, ಅರಿಶಿನ, ಐಸು, ಕಾಯಿಸಿದ ಕಬ್ಬಿಣ, ಕೋಳಿ ಮರಿ, ಹಾವಿನ ಕಲ್ಲು ಯಾವುದೂ ಬೇಡ. ಮಂಡಲ ಕಚ್ಚಿದವರ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಂಡಿರುತ್ತೆ. ಅವರಿಗೆ ಬ್ಲೇಡಿನ ಒಂದು ಗೀರು ಸಾಕು, ಸೀರೆ ಸೆರಗು ಒದ್ದೆಯಾಗುವವರೆಗೂ ಹರಿಯುತ್ತೆ. ಗಾಯವನ್ನು ಸೋಪು ಹಚ್ಚಿ ತಿಕ್ಕಿ ತೊಳೆಯುವುದೂ ಬೇಡ.

ಯಾವ ಹಾವು ಅಂತ ಗೊತ್ತಾಗೋದು ಹೇಗೆ? ಹೊಡೆದು ತರಬೇಕಾ?

ತರಬೇಡಿ. ಒಬ್ಬರನ್ನು ಕಚ್ಚಿದ ಹಾವನ್ನು ಹುಡುಕಿಕೊಂಡು ಹೋಗಿ ಇನ್ನೊಬ್ಬರು ಕಚ್ಚಿಸಿಕೊಂಡು, ಒಂದೇ ಗಾಡಿಯಲ್ಲಿ ಇಬ್ಬರು ಬಂದದ್ದನ್ನು ನೋಡಿದ್ದೇನೆ. ಸತ್ತ ಹಾವಿನ ತಲೆ, ಕತ್ತರಿಸಿದ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಾವು ಕೊಲ್ಲುವುದು ಅಪರಾಧವೂ ಹೌದು. ದೂರದಿಂದ ಒಂದು ಫೋಟೊ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಚಿಕಿತ್ಸೆ ನಿಲ್ಲಲ್ಲ. ಏಕೆಂದರೆ ನಮ್ಮಲ್ಲಿರುವ ಔಷಧಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ನಾಲ್ಕು ಹಾವಿಗೂ ಒಂದೇ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ.

ಗುರುತು ಹೇಳಲೇಬೇಕೆಂದರೆ ಹೀಗೆ. ನಾಗರ ಎಲ್ಲರಿಗೂ ಗೊತ್ತು. ಕೊಳಕುಮಂಡಲ ದಪ್ಪ ಮೈ, ಬೆನ್ನ ಮೇಲೆ ಸಾಲಾಗಿ ಸರಪಳಿಯಂಥ ಕಂದು ಮಚ್ಚೆ. ಕೆಣಕಿದರೆ ಕುಕ್ಕರ್ ಸೀಟಿ ಹೊಡೆದ ಹಾಗೆ ಬುಸುಗುಡುತ್ತೆ. ಹೆಬ್ಬಾವಿನ ಮರಿ ಅಂತ, ಮಣ್ಣುಮುಕ್ಕ ಅಂತ ಕೈಯಲ್ಲಿ ಹಿಡಿದವರು ಇದ್ದಾರೆ. ಉರಿಮಂಡಲ ಗಿಡ್ಡ, ಒಂದು ಗೇಣು ಎರಡು ಗೇಣು. ದುರ್ಗ, ಚಳ್ಳಕೆರೆ, ಮೊಳಕಾಲ್ಮೂರಿನ ಕಲ್ಲುಗುಡ್ಡೆ, ಒಣ ಕುರುಚಲು ಅದರ ಮನೆ. ಮೈ ಸುತ್ತಿಕೊಂಡು ಹುರುಪೆಗೆ ಹುರುಪೆ ತಿಕ್ಕಿ ಗರಗಸದ ಸದ್ದು ಮಾಡುತ್ತೆ. ಇಷ್ಟುದ್ದದ ಹಾವು ಏನು ಮಾಡೀತು ಅಂತ ಉದಾಸೀನ ಮಾಡಿ, ಮೂರನೇ ದಿನ ವಸಡಿನಲ್ಲಿ ರಕ್ತ ಅಂತ ಬರುತ್ತಾರೆ. ಕಟ್ಟುಹಾವು ಕಪ್ಪು ಮೈ, ಜೋಡಿ ಜೋಡಿಯಾಗಿ ತೆಳು ಬಿಳಿ ಪಟ್ಟೆ, ತಲೆಯ ಹತ್ತಿರ ಪಟ್ಟೆ ಮಸುಕು. ವಿಷವಿಲ್ಲದ ತೋಳಹಾವಿಗೆ ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆ ಮಾಸುತ್ತೆ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಬೆಳಕಿನಲ್ಲಿ ಇದನ್ನೆಲ್ಲ ನೋಡಿ ತೀರ್ಮಾನಿಸುತ್ತೇನೆ ಅನ್ನುವ ಧೈರ್ಯ ನನಗಂತೂ ಇಲ್ಲ.

ಹಲ್ಲಿನ ಗುರುತು ಎರಡಿದ್ದರೆ ವಿಷದ ಹಾವು, ಇಲ್ಲದಿದ್ದರೆ ಅಲ್ಲ. ನಿಜನಾ?

ನಂಬಬೇಡಿ. ಒಂದೇ ಹಲ್ಲು ತಾಗಿರಬಹುದು, ಗೀರಿರಬಹುದು, ಕಟ್ಟುಹಾವು ಕಚ್ಚಿದ್ದು ಕಾಣದೆಯೂ ಇರಬಹುದು. ಬೇವಿನ ಸೊಪ್ಪು ತಿನ್ನಿಸಿ ಕಹಿ ಗೊತ್ತಾಗುತ್ತಾ, ಮೆಣಸಿನಕಾಯಿ ತಿನ್ನಿಸಿ ಖಾರ ಗೊತ್ತಾಗುತ್ತಾ ಅಂತ ನೋಡುವುದೂ ಅಷ್ಟೇ. ನುಂಗಲು ಆಗದವರಿಗೆ ಅದು ಶ್ವಾಸನಾಳಕ್ಕೆ ಹೋದರೆ ಇನ್ನೊಂದು ಗಂಡಾಂತರ.

ರಾತ್ರಿ ಮಲಗಿದ್ದಾಗ ಏನೋ ಕಚ್ಚಿದ ಹಾಗಾಯ್ತು. ನೋವಿಲ್ಲ, ಬಾವೂ ಇಲ್ಲ. ಬೆಳಿಗ್ಗೆ ನೋಡೋಣ್ವಾ?

ಇಲ್ಲ, ಈಗಲೇ ಬನ್ನಿ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೇನೆ ಅನ್ನುವವರು ಇದನ್ನು ಓದಲಿ.

ಕಟ್ಟುಹಾವು ಇಲಿ, ಹಲ್ಲಿ, ಬೇರೆ ಹಾವು ಹುಡುಕುತ್ತಾ ರಾತ್ರಿ ಮನೆಯೊಳಗೆ ಬರುತ್ತೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಮಗ್ಗುಲಿಗೆ ಸೇರಿಕೊಳ್ಳುತ್ತೆ, ಹೊರಳಿದಾಗ ಕಚ್ಚುತ್ತೆ. ಇರುವೆ ಕಚ್ಚಿದಷ್ಟೇ ನೋವು. ಕೆಲವರಿಗೆ ಎಚ್ಚರವೂ ಆಗಲ್ಲ. ನಸುಕಿಗೆ ಹೊಟ್ಟೆ ನುಲಿಯುತ್ತೆ, ವಾಂತಿ ಬರುತ್ತೆ. ಮನೆಯವರು ಗ್ಯಾಸ್ಟ್ರಿಕ್ಕು ಅಂತ ಸೋಡಾ ಕುಡಿಸುತ್ತಾರೆ. ಆಮೇಲೆ ರೆಪ್ಪೆ ಬೀಳತೊಡಗುತ್ತೆ.

ಆ ರೆಪ್ಪೆಯನ್ನು ಗುರುತಿಸಲು ಕಲಿಯಿರಿ. ನಿದ್ದೆಗಣ್ಣಿನ ಹಾಗೆ ಕಾಣುತ್ತೆ, ಆದರೆ ಮನುಷ್ಯ ಪೂರ್ತಿ ಎಚ್ಚರ ಇರುತ್ತಾನೆ. ಕಣ್ಣು ತೆರೆಯಲು ಹುಬ್ಬು ಎತ್ತಿ ಹಣೆ ಸುಕ್ಕು ಮಾಡುತ್ತಾನೆ, ಅದೂ ಸಾಲದೆ ಗದ್ದ ಮೇಲೆತ್ತಿ ನೋಡುತ್ತಾನೆ. ಒಂದು ಎರಡಾಗಿ ಕಾಣುತ್ತೆ. ಮಾತು ತೊದಲುತ್ತೆ, ಎಂಜಲು ನುಂಗಲು ಬರಲ್ಲ, ಕುತ್ತಿಗೆ ನಿಲ್ಲಲ್ಲ. ಒಂದೇ ಉಸಿರಿನಲ್ಲಿ ಒಂದರಿಂದ ಎಣಿಸು ಅಂದರೆ ಮೊದಲು ಇಪ್ಪತ್ತಕ್ಕೆ ಹೋದವನು ಸ್ವಲ್ಪ ಹೊತ್ತಿಗೆ ಹತ್ತಕ್ಕೆ ನಿಲ್ಲುತ್ತಾನೆ. ಕೊನೆಗೆ ಉಸಿರಾಡುವ ಸ್ನಾಯುಗಳೇ ಕೈಕೊಡುತ್ತವೆ. ನಾಗರಹಾವಿನ ವಿಷಕ್ಕೂ ಇದೇ ಆಗುತ್ತೆ, ಅಲ್ಲಿ ಕಚ್ಚಿದ ಜಾಗದಲ್ಲಿ ನೋವು, ಬಾವು ಮೊದಲೇ ಎಚ್ಚರಿಸುತ್ತವೆ.

ಹಿರಿಯೂರು ಕಡೆಯ ಒಬ್ಬ ಹುಡುಗ ಹೀಗೇ ಬಂದಿದ್ದ. ಕೈಕಾಲು ಆಡಲ್ಲ, ಕಣ್ಣು ತೆರೆಯಲ್ಲ, ಕಣ್ಣಿನ ಪಾಪೆ ಬೆಳಕಿಗೂ ಕುಗ್ಗುತ್ತಿಲ್ಲ. ಜೊತೆಗಿದ್ದವರು ಆಗಲೇ ಊರಿಗೆ ಫೋನ್ ಹಚ್ಚಿ ಮಣ್ಣಿನ ಮಾತಾಡುತ್ತಿದ್ದರು. ಗಂಟಲಿಗೆ ನಳಿಗೆ ಇಳಿಸಿ ಬಲೂನು ಒತ್ತುತ್ತಾ ವೆಂಟಿಲೇಟರ್ ಇರುವ ಕಡೆ ಸಾಗಿಸಿದೆವು. ಬಲೂನು ಒತ್ತುವಾಗ ಅವನ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಹತ್ತಿಯಲ್ಲಿ ಒರೆಸಿದೆ. ವಾರವಾದ ಮೇಲೆ ನಡೆದುಕೊಂಡು ಬಂದು ಹೇಳಿದ: "ಎಲ್ಲಾ ಕೇಳಿಸ್ತಿತ್ತು ಸಿಸ್ಟರ್. ಮಾವ ಕಟ್ಟಿಗೆಗೆ ಹೇಳಿದ್ದೂ ಕೇಳಿಸ್ತು." ಹಾವು ಕಚ್ಚಿದವರನ್ನು ಸತ್ತರು ಅಂತ ನೀವು ತೀರ್ಮಾನಿಸಬೇಡಿ. ಉಸಿರು ನಿಂತಿದ್ದರೆ ದಾರಿಯುದ್ದಕ್ಕೂ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಾ ಬನ್ನಿ, ನಾಡಿ ಸಿಗದಿದ್ದರೆ ಎದೆಯನ್ನೂ ಒತ್ತಿ.

ಕಚ್ಚಿದವರನ್ನು ನಿದ್ದೆ ಮಾಡಲು ಬಿಡಬಾರದಂತೆ?

ನಿದ್ದೆಯಿಂದ ವಿಷ ಏರಲ್ಲ. ಆದರೆ ಅದು ನಿದ್ದೆಯೋ ರೆಪ್ಪೆ ಬಿದ್ದದ್ದೋ ಅಂತ ಗೊತ್ತಾಗಲು ಮಾತಾಡಿಸುತ್ತಿರಿ. ಕೆನ್ನೆಗೆ ಹೊಡೆದು, ಎಬ್ಬಿಸಿ ನಡೆಸುವುದು ಬೇಡ. ಟೀ, ಕಾಫಿ, ಸಾರಾಯಿ ಏನೂ ಕೊಡಬೇಡಿ.

ಮಂತ್ರ ಹಾಕುವವರು, ನಾಟಿ ಔಷಧಿ ಕೊಡುವವರು ಎಷ್ಟೋ ಜನರನ್ನು ಉಳಿಸಿದ್ದಾರಲ್ಲ?

ಉಳಿದವರು ಇದ್ದಾರೆ, ಸುಳ್ಳಲ್ಲ. ಯಾಕೆ ಅಂತ ನೋಡಿ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ಕೇರೆ, ನೀರುಹಾವು, ತೋಳಹಾವಿನಂಥ ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲೂರುತ್ತೆ. ಇವರೆಲ್ಲ ಬೇರು ತಿಂದರೂ ಉಳಿಯುತ್ತಾರೆ, ಬೋಂಡಾ ತಿಂದರೂ ಉಳಿಯುತ್ತಾರೆ. ನಿಜವಾಗಿ ವಿಷ ಇಳಿದವರು ಮಾತ್ರ ಆ ಎರಡು ಮೂರು ಗಂಟೆಯನ್ನು ಕಳೆದುಕೊಳ್ಳುತ್ತಾರೆ.

ಆದರೂ ಮನೆಯ ಹಿರಿಯರ ಹತ್ತಿರ ಜಗಳಕ್ಕೆ ನಿಲ್ಲಬೇಡಿ, ಅದರಲ್ಲೂ ಹೊತ್ತು ಹೋಗುತ್ತೆ. ನಮ್ಮೂರಲ್ಲಿ ಈಗ ಒಂದು ಉಪಾಯ ನಡೆಯುತ್ತೆ: ಮಂತ್ರ ಫೋನಿನಲ್ಲೇ ಹಾಕಿಸುತ್ತಾರೆ, ಗಾಡಿ ಓಡುತ್ತಲೇ ಇರುತ್ತೆ. ಪೂಜಾರಜ್ಜನಿಗೂ ಬೇಜಾರಿಲ್ಲ, ನಮಗೂ ಇಲ್ಲ.

ಯಾವ ಆಸ್ಪತ್ರೆಗೆ ಹೋಗಬೇಕು?

ಔಷಧಿ ಇರುವ ಹತ್ತಿರದ ಆಸ್ಪತ್ರೆಗೆ. 108ರವರನ್ನು ಕೇಳಿ, ಇಲ್ಲವೇ ನಿಮ್ಮ ಆಶಾ ಅಕ್ಕನ ಹತ್ತಿರ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಪಿಎಚ್‌ಸಿಯಲ್ಲಿ ಔಷಧಿಯೂ ಡಾಕ್ಟರೂ ಇದ್ದರೆ ಅಲ್ಲೇ ಮೊದಲ ಡೋಸು ಶುರು ಮಾಡಿಸಿಕೊಂಡು ಮುಂದೆ ಹೋಗುವುದು ಲಾಭ. ರೆಪ್ಪೆ ಬೀಳುತ್ತಿದ್ದರೆ ವೆಂಟಿಲೇಟರ್, ಮೂತ್ರ ಕಡಿಮೆಯಾಗಿದ್ದರೆ ಡಯಾಲಿಸಿಸ್ ಬೇಕಾಗುತ್ತೆ. ಅವು ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ, ಅಂದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಂಥವು. ಜಿಲ್ಲೆಯ ಗಡಿ ನೋಡಬೇಡಿ. ರಾಂಪುರದವರಿಗೆ ದುರ್ಗಕ್ಕಿಂತ ಬಳ್ಳಾರಿ ಹತ್ತಿರ, ನ್ಯಾಮತಿಯವರಿಗೆ ದಾವಣಗೆರೆಗಿಂತ ಶಿವಮೊಗ್ಗ ಹತ್ತಿರ.

ಊರಿನ ಕ್ಲಿನಿಕ್ಕಿನಲ್ಲಿ ಒಂದು ಸೂಜಿ, ಒಂದು ಬಾಟಲಿ ಗ್ಲೂಕೋಸು ಹಾಕಿಸಿಕೊಂಡು ಮನೆಗೆ ಹೋಗಬೇಡಿ. ಹಾಗೆ ಕಳಿಸಿದ ಒಬ್ಬ ಹೆಣ್ಣುಮಗಳು ಮರುದಿನ ನಮ್ಮಲ್ಲಿಗೆ ಬಂದಾಗ ಆ ಸೂಜಿ ಚುಚ್ಚಿದ ಸೊಂಟದಲ್ಲಿ ತೆಂಗಿನಕಾಯಿ ಗಾತ್ರಕ್ಕೆ ರಕ್ತ ಕಟ್ಟಿತ್ತು. ರಕ್ತ ಹೆಪ್ಪುಗಟ್ಟುತ್ತಾ ಇಲ್ವಾ ಅಂತ ನೋಡುವ ಮೊದಲು ಮಾಂಸಖಂಡಕ್ಕೆ ಸೂಜಿ ಹಾಕಿಸಬಾರದು, ಟಿಟಿ ಕೂಡ ಆಮೇಲೆ. ನೋವಿಗೆ ಅಂಗಡಿಯ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ರಕ್ತಸ್ರಾವ ಹೆಚ್ಚುತ್ತೆ.

ಬಂದು ಅರ್ಧ ಗಂಟೆಯಾಯ್ತು, ಔಷಧಿ ಯಾಕೆ ಹಾಕ್ತಿಲ್ಲ? ಬರೀ ರಕ್ತ ತೆಗೆದು ಇಟ್ಟಿದ್ದೀರಿ.

ಈ ಪ್ರಶ್ನೆಗೆ ನಮ್ಮಲ್ಲಿ ಕುರ್ಚಿ ಮುರಿದಿವೆ. ಆ ಗಾಜಿನ ನಳಿಗೆಯೇ ನಮ್ಮ ಲ್ಯಾಬು. ಒಂದೆರಡು ಮಿ.ಲೀ. ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ನಳಿಗೆಯಲ್ಲಿ ಹಾಕಿ 20 ನಿಮಿಷ ಮುಟ್ಟದೆ ಇಡುತ್ತೇವೆ. ಆಮೇಲೆ ಒಮ್ಮೆ ಬಗ್ಗಿಸಿ ನೋಡುವುದು. ಜೆಲ್ಲಿಯಾಗಿ ತಳಕ್ಕೆ ಅಂಟಿದ್ದರೆ ಸದ್ಯಕ್ಕೆ ಪರವಾಗಿಲ್ಲ. ನೀರಿನ ಹಾಗೆ ಹರಿದರೆ ಮಂಡಲದ ವಿಷ ರಕ್ತಕ್ಕಿಳಿದಿದೆ, ತಕ್ಷಣ ಔಷಧಿ. ಗಡಿಬಿಡಿ ಮಾಡಿ ಯಾರಾದರೂ ನಳಿಗೆ ಅಲ್ಲಾಡಿಸಿದರೆ ಮತ್ತೆ ಮೊದಲಿನಿಂದ. ರೆಪ್ಪೆ ಬಿದ್ದಿದ್ದರೆ, ಬಾವು ಭರ ಭರ ಏರುತ್ತಿದ್ದರೆ 20 ನಿಮಿಷಕ್ಕೂ ಕಾಯುವುದಿಲ್ಲ.

ವಿಷದ ಲಕ್ಷಣ ಇಲ್ಲದಿದ್ದರೆ ಔಷಧಿ ಕೊಡುವುದಿಲ್ಲ. ಅದು ದುಬಾರಿ ಅಂತಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅದು ಕುದುರೆಯ ರಕ್ತದಿಂದ ತಯಾರಾದದ್ದು. ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಕೊಟ್ಟು, ಅದರ ಮೈ ತಯಾರಿಸಿದ ಪ್ರತಿವಿಷವನ್ನು ಶುದ್ಧ ಮಾಡಿ ಪುಡಿಯಾಗಿಸುತ್ತಾರೆ. ಆ ವಿಷದ ದೊಡ್ಡ ಪಾಲು ಬರುವುದು ತಮಿಳುನಾಡಿನ ಇರುಳರಿಂದ. ಇಲಿ, ಹಾವು ಹಿಡಿಯುವುದರಲ್ಲಿ ನುರಿತ ಆ ಸಮುದಾಯದವರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡಿದ್ದಾರೆ. ಕುದುರೆಯ ಪ್ರೋಟೀನು ಕೆಲವರ ಮೈಗೆ ಒಗ್ಗುವುದಿಲ್ಲ. ದದ್ದು, ನಡುಕ, ಉಬ್ಬಸ, ಬಿ.ಪಿ. ಬೀಳುವುದು ಎಲ್ಲ ಆಗಬಹುದು. ಅದಕ್ಕೇ ಪಕ್ಕದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜು ಇಟ್ಟುಕೊಂಡೇ ಶುರು ಮಾಡುತ್ತೇವೆ.

ಲಕ್ಷಣ ಇಲ್ಲದವರನ್ನೂ 24 ಗಂಟೆ ಇರಿಸಿಕೊಳ್ಳುತ್ತೇವೆ. "ದನಕ್ಕೆ ಮೇವು ಹಾಕೋರಿಲ್ಲ" ಅಂತ ಸಹಿ ಹಾಕಿ ಹೋಗಬೇಡಿ.

ಚಿಕ್ಕ ಮಗು, ಅರ್ಧ ಡೋಸ್ ಸಾಕಲ್ವಾ? ಬಸುರಿಗೆ ಕೊಡಬಹುದಾ?

ಮಗುವಿಗೂ ದೊಡ್ಡವರಷ್ಟೇ, ಸಾಮಾನ್ಯವಾಗಿ ಮೊದಲಿಗೆ 10 ಬಾಟಲಿ. ಹಾವು ಮಗು ಅಂತ ವಿಷ ಕಡಿಮೆ ಬಿಟ್ಟಿರುವುದಿಲ್ಲ. ಬಸುರಿ, ಬಾಣಂತಿ ಎಲ್ಲರಿಗೂ ಕೊಡಬೇಕು.

ಹೊಲದಲ್ಲಿ, ಮನೆಯಲ್ಲಿ ಕಚ್ಚದ ಹಾಗೆ ನೋಡಿಕೊಳ್ಳುವುದು ಹೇಗೆ?

ನಮ್ಮ ಕಡೆ ದೊಡ್ಡ ಕಾರಣ ರಾತ್ರಿ ಕರೆಂಟು. ತ್ರೀಫೇಸ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ಬರಿಗಾಲಲ್ಲಿ, ಮೊಬೈಲ್ ಬೆಳಕಿನಲ್ಲಿ ಮೋಟರ್ ಹಚ್ಚಲು ಬದುವಿನ ಮೇಲೆ ನಡೆಯುತ್ತಾನೆ. ಒಂದು ಜೊತೆ ಗಂಬೂಟು, ಒಂದು ಒಳ್ಳೆ ಬ್ಯಾಟರಿ, ನೆಲಕ್ಕೆ ಕುಟ್ಟುತ್ತಾ ಹೋಗಲು ಕೋಲು. ಸ್ಟಾರ್ಟರ್ ಡಬ್ಬಿಗೆ ಕೈ ಹಾಕುವ ಮೊದಲು ಬೆಳಕು ಬಿಟ್ಟು ನೋಡಿ. ಶೇಂಗಾ ಬಳ್ಳಿಯ ಬಣವೆ, ಮೆಕ್ಕೆಜೋಳದ ದಂಟು, ಚನ್ನಗಿರಿ ಕಡೆಯ ತೋಟದಲ್ಲಿ ಉದುರಿದ ಅಡಿಕೆ ಗರಿ, ಇವನ್ನು ಮೊದಲು ಕೋಲಿನಿಂದ ಎಳೆದು ಆಮೇಲೆ ಕೈ ಹಾಕಿ. ಗುಡ್ಡದ ಕಡೆ ಕಲ್ಲು ಎತ್ತುವಾಗ ನಿಮ್ಮ ಕಡೆಗೆ ಮಗುಚಿ. ಕೆಳಗೆ ಏನಾದರೂ ಇದ್ದರೆ ಕಲ್ಲು ನಡುವೆ ಅಡ್ಡ ಇರುತ್ತೆ.

ಮನೆಯಲ್ಲಿ ನೆಲ ಬಿಟ್ಟು ಮಂಚ. ಮಂಚವಿಲ್ಲದಿದ್ದರೆ ಸೊಳ್ಳೆ ಪರದೆ, ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ. ಕಟ್ಟುಹಾವಿಗೆ ಇದಕ್ಕಿಂತ ಅಗ್ಗದ ಬೇಲಿ ನನಗೆ ಗೊತ್ತಿಲ್ಲ. ಕಾಳಿನ ಚೀಲ, ಕೋಳಿ ಗೂಡು ಮಲಗುವ ಕೋಣೆಯಿಂದ ದೂರ ಇರಲಿ, ಇಲಿ ಬಂದಲ್ಲಿ ಹಾವು ಬರುತ್ತೆ. ಹಾವು ಒಳಗೆ ಬಂದಿದ್ದರೆ ಅರಣ್ಯ ಇಲಾಖೆಗೋ ಹಿಡಿಯುವವರಿಗೋ ಹೇಳಿ. ಪಂಚಮಿಗೆ ಹುತ್ತಕ್ಕೆ ಹಾಲೆರೆಯುವುದು ಎರೆಯಿರಿ, ನಾನೂ ಎರೆಯುತ್ತೇನೆ. ಹಾವು ಹಾಲು ಕುಡಿಯಲ್ಲ ಅನ್ನುವುದು ಗೊತ್ತಿದ್ದರೆ ಸಾಕು. ಹುತ್ತದ ಬಾಯಿಗೆ ಕೈ ಮಾತ್ರ ಒಯ್ಯಬೇಡಿ.

ಸರ್ಕಾರಕ್ಕೆ ಲೆಕ್ಕ ಕೊಡಬೇಕಂತೆ, ಯಾಕೆ? ಪರಿಹಾರ ಸಿಗುತ್ತಾ?

2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ಲೆಕ್ಕ ಕೊಡಬೇಕು. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ ಎಂಬ ಅಂದಾಜು 2020ರಲ್ಲಿ ಬಂತು. ಬಹಳ ಜನ ಆಸ್ಪತ್ರೆ ಮೆಟ್ಟಿಲೇ ಹತ್ತದೆ ಮನೆಯಲ್ಲೇ ಸತ್ತದ್ದರಿಂದ ಆಸ್ಪತ್ರೆಯ ಪುಸ್ತಕಗಳಲ್ಲಿ ಅವರಿರಲಿಲ್ಲ. ಎಲ್ಲಿ ಎಷ್ಟು ಕಡಿತ ಅಂತ ಗೊತ್ತಾದರೆ ಅಲ್ಲಿಗೆ ಅಷ್ಟು ಔಷಧಿ.

ರೈತರು ಹಾವು ಕಚ್ಚಿ ಸತ್ತರೆ ಕುಟುಂಬಕ್ಕೆ ಕೃಷಿ ಇಲಾಖೆಯಿಂದ ಪರಿಹಾರ ಇದೆ. ಅದಕ್ಕೆ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆಯ ವರದಿ ಬೇಕು. ದುಃಖದಲ್ಲಿ ನೇರ ಮಣ್ಣು ಮಾಡಿಬಿಟ್ಟು ಆಮೇಲೆ ಕಚೇರಿ ಸುತ್ತುವವರು ಬಹಳ.

ಮನೆಗೆ ಕಳಿಸಿದ್ದಾರೆ. ಇನ್ನು ಏನಾದರೂ ನೋಡಬೇಕಾ?

ಮೂತ್ರ ನೋಡಿ. ಕೊಳಕುಮಂಡಲ ಕಚ್ಚಿದವರಿಗೆ ಕಿಡ್ನಿ ಕೈಕೊಡುವುದುಂಟು. ಮೂತ್ರ ಕಡಿಮೆಯಾದರೆ, ಟೀ ಡಿಕಾಕ್ಷನ್ ಬಣ್ಣ ಬಂದರೆ, ಮುಖ ಊದಿದರೆ ಅವತ್ತೇ ಬನ್ನಿ. ಕಚ್ಚಿದ ಜಾಗ ಕಪ್ಪಾದರೂ ಹಾಗೇ. ಒಂದೆರಡು ವಾರದಲ್ಲಿ ಜ್ವರ, ಕೀಲು ನೋವು, ದದ್ದು ಬರಬಹುದು. ಅದು ಔಷಧಿಯ ಪರಿಣಾಮ, ಮಾತ್ರೆಯಿಂದ ಹೋಗುತ್ತೆ. "ವಿಷ ಉಳಿದುಕೊಂಡಿದೆ" ಅಂತ ಯಾರಾದರೂ ಪಥ್ಯ ಹೇಳಿ ಆರು ತಿಂಗಳು ಗಂಜಿ ಕುಡಿಸಿದರೆ ಕೇಳಬೇಡಿ. ಮುದ್ದೆ ಉಣ್ಣಲಿ, ಮೊಟ್ಟೆ ತಿನ್ನಲಿ.

ಒಂದು ಸಲ ಔಷಧಿ ತಗೊಂಡವರಿಗೆ ಮತ್ತೆ ಕಚ್ಚಿದರೆ ವಿಷ ಏರಲ್ವಂತೆ?

ಏರುತ್ತೆ. ಅದು ಲಸಿಕೆಯಲ್ಲ. ಮತ್ತೆ ಅಷ್ಟೇ ಬೇಗ ಬರಬೇಕು, ಬರುವಾಗ ಹಳೆಯ ಡಿಸ್ಚಾರ್ಜ್ ಚೀಟಿ ತನ್ನಿ. ಹೋದ ಸಲ ಔಷಧಿಗೆ ಮೈ ತುರಿಸಿತ್ತು, ಉಸಿರು ಕಟ್ಟಿತ್ತು ಅಂತ ಅದರಲ್ಲಿ ಬರೆದಿರುತ್ತೆ, ಬರೆಯದಿದ್ದರೆ ಬಾಯಿಬಿಟ್ಟು ಹೇಳಿ.